ಅತ್ತೆ ಕೂಗಿದಾಗ

ಮಾರ್ಚ್ 4, ಮಧ್ಯಾಹ್ನ 3.15

ಈಗಷ್ಟೇ ಶಿಫ್ಟ್ ಮುಗಿಸಿ ಬಂದೆ. ಎಂಟನೆಯ ದಿನ. ನಮ್ಮ ಯಜಮಾನರು ಮಾಡುತ್ತಿದ್ದ ಕೆಲಸ, ಅವರು ಕೂರುತ್ತಿದ್ದ ಕುರ್ಚಿ. ಕಾರ್ಖಾನೆಯ ರಾಸಾಯನಿಕದ ಟ್ಯಾಂಕಿನ ಮಟ್ಟ ನೋಡಿ ಗಂಟೆಗೊಮ್ಮೆ ರಿಜಿಸ್ಟರಿನಲ್ಲಿ ಬರೆಯಬೇಕು. ನಡುವೆ, ಮಟ್ಟ ಏರಿದರೆ ಎಚ್ಚರಿಸುವ ಅಲಾರಂ ಬಡಿಯುತ್ತಲೇ ಇರುತ್ತದೆ.

“ಅತ್ತೆ ಕೂಗ್ತಿದ್ದಾಳೆ, ಬಾಯಿ ಮುಚ್ಚಿಸಮ್ಮಾ!” — ದೊಡ್ಡಪ್ಪ. ನಮ್ಮ ಶಿಫ್ಟ್ ಇನ್‌ಚಾರ್ಜ್. ವಯಸ್ಸಿಗೆ ಎಲ್ಲರೂ ಹಾಗೆ ಕರೆಯುತ್ತಾರೆ. ನಗು. ಗುಂಡಿ ಒತ್ತಿದೆ. ಬಾಯಿ ಮುಚ್ಚಿತು.

ಅಲಾರಂಗೆ ಅತ್ತೆ ಎಂದು ಹೆಸರಿಟ್ಟವರು ನಮ್ಮ ಯಜಮಾನರೇ. ಐದು ತಿಂಗಳ ಹಿಂದೆ ಅದು ನಿಜವಾಗಿ ಕೂಗಿತು. ಇವರು ಗುಂಡಿ ಒತ್ತಿ, ಎಂದಿನಂತೆ ಟ್ಯಾಂಕಿನ ಕಡೆ ಸುತ್ತು ಹಾಕಲು ಹೋದರು. ಟ್ಯಾಂಕು ಉಕ್ಕಿತ್ತು. ವಿಷದ ಹೊಗೆ... ಮತ್ತೆ ಮನೆಗೆ ಬರಲಿಲ್ಲ.

ವರದಿಯಲ್ಲಿ ಒಂದೇ ಸಾಲು: ನೌಕರನ ಅಜಾಗರೂಕತೆ.

ಸಂಜೆ 6

ನಿಜವಾದ ಅತ್ತೆಗೆ, ಇವರ ತಾಯಿಗೆ, ಎಲ್ಲ ಹೇಳಿದೆ.

“ನನ್ನ ಮಾತು ಮನೇಲೂ ಕೇಳಲ್ಲ, ಕಾರ್ಖಾನೇಲೂ ಕೇಳಲ್ಲ.” ನಕ್ಕು, ಕಣ್ಣೊರೆಸಿಕೊಂಡರು. ಆಮೇಲೆ, “ದಿನಕ್ಕೆ ಎಷ್ಟು ಸಲ ಕೂಗ್ತಾಳೆ?”

ಗೊತ್ತಿಲ್ಲ. ಯಾರೂ ಎಣಿಸಿಲ್ಲ.

“ಎಣಿಸು.”

ಮಾರ್ಚ್ 5

ಎಣಿಸಿದೆ! ಚೀಟಿಯ ಮೇಲೆ ಗೀಟು ಹಾಕುತ್ತಾ ಹೋದೆ. ಎಂಟು ಗಂಟೆಯಲ್ಲಿ ಇನ್ನೂರ ಹನ್ನೆರಡು. ನಿಜವಾದದ್ದು ಒಂದೂ ಇಲ್ಲ.

“ಇನ್ನೂರ ಹನ್ನೆರಡು ಸಲ ಸುಳ್ಳು ಹೇಳಿದವಳನ್ನ ಆಮೇಲೆ ಯಾವ ಮಗ ನಂಬ್ತಾನೆ?” — ಅತ್ತೆ.

ಮಾರ್ಚ್ 9, ಸಂಜೆ 4

ಸಿಕ್ಕಿತು. ಹಳೆಯ ರಿಜಿಸ್ಟರುಗಳ ಬೀರುವಿನಲ್ಲಿ. ಎರಡು ವರ್ಷದ ಹಿಂದಿನ ಆದೇಶ — ಉತ್ಪಾದನೆ ಹೆಚ್ಚಿಸಲು ಟ್ಯಾಂಕನ್ನು ಶೇಕಡಾ ಎಪ್ಪತ್ತರ ಬದಲು ಎಂಬತ್ತರವರೆಗೆ ತುಂಬಬೇಕು. ಅಲಾರಂ ಇಟ್ಟಿರುವುದೂ ಎಂಬತ್ತಕ್ಕೇ! ಒಳಗೆ ಸಣ್ಣ ಅಲೆ ಎದ್ದರೂ ಕೂಗು. ಅದು ಯಾರ ತಲೆಗೂ ಹೋಗಿಲ್ಲ.

ಇಲ್ಲ, ಹೋಗಿತ್ತು. ಮುಂದಿನ ಪುಟಗಳಲ್ಲಿ ಇವರ ಕೈಬರಹ: ‘ಅಲಾರಂ ಸುಮ್ಮನೆ ಬಡಿಯುತ್ತಿದೆ. ದಯವಿಟ್ಟು ಸರಿಪಡಿಸಿ.’ ಮೂರು ತಿಂಗಳಲ್ಲಿ ಮೂರು ಸಲ. ಎದುರಿನ ಕಾಲಂ ಖಾಲಿ. ನಾಲ್ಕನೆಯ ಸಲ ಬರೆದಿಲ್ಲ. ಆಗಲೇ ಇರಬೇಕು, ಹೆಸರಿಟ್ಟು ನಗಲು ಶುರುಮಾಡಿದ್ದು.

ಊಟ ಮರೆತೆ. ದೊಡ್ಡಪ್ಪನಿಗೆ ತೋರಿಸಿದೆ.

“ಜೇನುಗೂಡಿಗೆ ಕೈ ಹಾಕ್ತಿದ್ದೀಯಮ್ಮಾ.”

“ಆಗ್ಲೇ ಹಾಕಿಯಾಯ್ತು ದೊಡ್ಡಪ್ಪಾ.”

ಮೂರೂ ಪುಟ ಮತ್ತೆ ಓದಿದರು. ಆಮೇಲೆ ಪೆನ್ನು ಕೇಳಿದರು. ಅಲಾರಂ ಸರಿಪಡಿಸಿ, ಇವರ ಫೈಲು ಮತ್ತೆ ನೋಡಿ ಎಂದು ಮ್ಯಾನೇಜರಿಗೆ ಬರೆದ ನನ್ನ ಅರ್ಜಿಯ ಕೆಳಗೆ ಅವರ ಸಹಿ!

ಮಾರ್ಚ್ 22

ಮ್ಯಾನೇಜರ್ ಮೊದಲು ರೇಗಿದ್ದರು. ಮೊನ್ನೆ ತಾವೇ ಬಂದು ನನ್ನ ಕುರ್ಚಿಯಲ್ಲಿ ಒಂದು ಗಂಟೆ ಕೂತರು. ಇಪ್ಪತ್ತೊಂಬತ್ತು ಸಲ ಕೂಗಿತು. ಹತ್ತರ ನಂತರ ಅವರೂ ನೋಡದೆಯೇ ಗುಂಡಿ ಒತ್ತುತ್ತಿದ್ದರು. ಅದು ಅವರಿಗೇ ಅರಿವಾದಾಗ ಮುಖ ನೋಡಬೇಕಿತ್ತು.

ಇವತ್ತಿನಿಂದ ಎಪ್ಪತ್ತಕ್ಕೇ ನಿಲ್ಲಿಸುವುದು. ಇಡೀ ಶಿಫ್ಟ್ ನಿಶ್ಶಬ್ದ.

“ಏನಮ್ಮಾ, ಅತ್ತೆ ತವರಿಗೆ ಹೋದ್ಲಾ?” — ದೊಡ್ಡಪ್ಪ.

ಮಾರ್ಚ್ 27, ಮಧ್ಯಾಹ್ನ 3

11.20ಕ್ಕೆ ಕೂಗಿತು. ಒಂದೇ ಸಲ.

ಯಾರೂ ನಗಲಿಲ್ಲ. ಯಾರ ಕೈಯೂ ಗುಂಡಿಗೆ ಹೋಗಲಿಲ್ಲ. ನಾನು ಪಂಪ್ ನಿಲ್ಲಿಸಿದೆ. ಸುತ್ತು ಹಾಕಲು ಹೊರಟಿದ್ದ ಇಬ್ಬರನ್ನು ದೊಡ್ಡಪ್ಪ ಬಾಗಿಲಲ್ಲೇ ತಡೆದರು. ವಾಲ್ವ್ ಸಿಕ್ಕಿಕೊಂಡಿತ್ತು. ಮಟ್ಟ ಎಂಬತ್ತೊಂದು... ಎಂಬತ್ಮೂರು... ನಿಂತಿತು. ನಿಂತೇಬಿಟ್ಟಿತು! ಎಲ್ಲರೂ ಮನೆಗೆ ಬಂದೆವು. ಎಲ್ಲರೂ.

“ನಾನು ಕೂಗಿದ್ದಕ್ಕೆ ಎದ್ರಾ?” — ಅತ್ತೆ.

“ಎದ್ವಿ ಅತ್ತೆ.”

“ನೋಡು, ಬಾಯಿ ಕಡಿಮೆ ಮಾಡಿದ್ರೇ ಬೆಲೆ.”

ಸಂಜೆ 5.30

ಮ್ಯಾನೇಜರ್ ಕಚೇರಿಯಿಂದ ಫೋನ್ ಬಂತು. ಇವರ ಫೈಲು ಮತ್ತೆ ತೆರೆಯುತ್ತಾರಂತೆ. ಆ ಒಂದು ಸಾಲು...

ನಾಳೆ ಹತ್ತಕ್ಕೆ ಕರೆದಿದ್ದಾರೆ. ಮೂರು ಪುಟಗಳ ನಕಲು ಚೀಲದಲ್ಲಿದೆ. ಅತ್ತೆಯೂ ಬರುತ್ತಾರೆ. ಬಸ್ಸು 8.50ಕ್ಕೆ.