ಕಾಡುಬೆಳ್ಳುಳ್ಳಿಯ ಎಲೆ

ಗುರುವಾರ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯದಿದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಹೋಟೆಲಿನ ಬಾಗಿಲು ಹಾಕಿ ನಾಲ್ಕು ದಿನವಾಗಿದೆ. ಒಲೆಯನ್ನೂ ಹಚ್ಚಿಲ್ಲ.

ನಿನಗೆ ಗೊತ್ತಲ್ಲ, ಪ್ರತಿ ಭಾನುವಾರ ಹತ್ತು ಜನರನ್ನು ಕಾಡಿನಂಚಿಗೆ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ಸೊಪ್ಪು ಕೀಳಿಸಿ, ಅವರವರು ಕಿತ್ತದ್ದನ್ನು ಬೇಯಿಸಿ ಅವರವರ ತಟ್ಟೆಗೇ ಬಡಿಸುತ್ತೇನೆ. ಈ ಸಲ ಒಬ್ಬರು ರಿಟೈರ್ ಆದ ಟೀಚರ್ ಬಂದಿದ್ದರು. ಗಂಡ ಹೋದ ಮೇಲೆ ಎರಡು ವರ್ಷ ಹೊಸ್ತಿಲು ದಾಟಿರಲಿಲ್ಲವಂತೆ, ಮಗಳು ಬಲವಂತದಿಂದ ಕಳಿಸಿದ್ದಳು. ಅರ್ಧ ಗಂಟೆ ಕೈಚೀಲ ಅವುಚಿಕೊಂಡು ನಿಂತಿದ್ದವರು, ಒಮ್ಮೆ ಮಂಡಿಯೂರಿ ಮಣ್ಣಿಗೆ ಕೈ ಹಾಕಿದರು ನೋಡು, ಆಮೇಲೆ ಏಳಿಸುವುದೇ ಕಷ್ಟವಾಯಿತು. ನನ್ನನ್ನು ಮೇಡಂ ಅನ್ನುತ್ತಿದ್ದರು. ಮೂವತ್ತು ವರ್ಷ ಕರೆಸಿಕೊಂಡದ್ದಾಯಿತು, ಇನ್ನು ಕರೆಯುವ ಸರದಿ ತಮ್ಮದು ಅಂತ ನಕ್ಕರು.

ಕಾಡುಬೆಳ್ಳುಳ್ಳಿಯ ಎಲೆಗೂ ಅದರ ಪಕ್ಕದಲ್ಲೇ ಬೆಳೆಯುವ ವಿಷದ ಎಲೆಗೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಉಜ್ಜಿ ಮೂಸಬೇಕು. ಆದರೆ ನಾಲ್ಕು ಎಲೆ ಉಜ್ಜುವಷ್ಟರಲ್ಲಿ ಬೆರಳೇ ಬೆಳ್ಳುಳ್ಳಿ ನಾರುತ್ತದೆ, ಆಮೇಲೆ ಯಾವ ಎಲೆ ಹಿಡಿದರೂ ಅದೇ ವಾಸನೆ. ಅದಕ್ಕೇ ಕೊನೆಗೆ ಎಲ್ಲರದ್ದನ್ನೂ ತೊಳೆದ ಕೈಯಲ್ಲಿ ನಾನು ಮೂಸಿ ನೋಡುವುದು. ಟೀಚರ್ ಒಂದು ಹಿಡಿ ಎಲೆ ತಂದು, ಯಾಕೋ ಅನುಮಾನ, ನೀವೇ ನೋಡಿ ಅಂದರು. ಮೂಸಿದೆ. ಸರಿಯಾಗಿದೆ, ಹಾಕಿ ಅಂದೆ.

ಅಕ್ಕಾ, ಎರಡು ತಿಂಗಳ ಹಿಂದೆ ಜ್ವರ ಬಂದಾಗ ನನಗೆ ವಾಸನೆ ಹೋಯಿತು. ಈಗ ಮೂಗಿನ ತುದಿಯಲ್ಲಿ ಉಳಿದಿರುವುದು ಸಿಟ್ಟೊಂದೇ. ಹಾಲು ಸೀದರೂ ತಿಳಿಯುವುದಿಲ್ಲ. ನಿನಗೂ ಹೇಳಲಿಲ್ಲ. ವಾಸನೆ ಗೊತ್ತಾಗದ ಅಡುಗೆಯವಳ ಹಿಂದೆ ಯಾರು ಕಾಡಿಗೆ ಬರುತ್ತಾರೆ? ಇವತ್ತು ವಾಪಸ್ ಬಂದೀತು, ನಾಳೆ ಬಂದೀತು ಅಂದುಕೊಂಡು ಮೂಸುವ ನಾಟಕ ಆಡಿದೆ.

ಹತ್ತು ಜನರಲ್ಲಿ ಆ ಟೀಚರ್ ಒಬ್ಬರೇ ಊಟವಾದ ಮೇಲೆ ಆಸ್ಪತ್ರೆ ಸೇರಿದರು, ಇನ್ನೂ ಎಚ್ಚರವಿಲ್ಲ. ಅವರು ಕಿತ್ತದ್ದರಲ್ಲಿ ಉಳಿದ ಎಲೆಗಳನ್ನು ಡಾಕ್ಟರಿಗೆ ಕೊಟ್ಟೆ, ಇದರಲ್ಲಿ ವಿಷದ ಎಲೆಯಿದೆ ಅಂದರು. ಇದು ಅಮ್ಮನ ತಟ್ಟೆಗೆ ಹೇಗೆ ಬಂತು ಅಂತ ಅವರ ಮಗಳು ಕೇಳಿದಳು. ಗೊತ್ತಿಲ್ಲಮ್ಮ ಅಂದೆ. ದಿನಾ ವಾರ್ಡಿನ ಬಾಗಿಲವರೆಗೆ ಹೋಗಿ ಹಿಂತಿರುಗುತ್ತೇನೆ. ನುಂಗಲಾರೆ, ಉಗುಳಲಾರೆ. ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತಿದೆ. ಅವರು ಕಣ್ಣು ಬಿಟ್ಟರೆ ಸಾಕು, ಎಲ್ಲರ ಮುಂದೆ ನಿಜ ಹೇಳಿಬಿಡುತ್ತೇನೆ. ನಿನ್ನಾಣೆ.

ಇಂತಿ, ನಿನ್ನ ಕಣ್ಣು ತಪ್ಪಿಸಿಕೊಂಡು ಎರಡು ತಿಂಗಳು ಕಳೆದ
ಇಲಿಮರಿ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಮಗಳ ಫೋನ್ ಬಂತು. ಓಡಿದೆ. ಟೀಚರ್ ಕಣ್ಣು ಬಿಟ್ಟಿದ್ದಾರೆ, ಜೀವಕ್ಕೆ ಭಯವಿಲ್ಲವಂತೆ. ನನ್ನ ಕೈ ಹಿಡಿದುಕೊಂಡು ಅತ್ತರು. ನೀವು ನೋಡಿ ಕೊಟ್ಟದ್ದು ಸರಿಯೇ ಇತ್ತು, ಆಮೇಲೆ ನಾನೇ ಯಾವುದೋ ಎಲೆ ಸೇರಿಸಿರಬೇಕು, ನನ್ನಿಂದ ನಿಮ್ಮ ಹೆಸರು ಕೆಟ್ಟಿತು, ಕ್ಷಮಿಸಿ ಮೇಡಂ ಅಂದರು. ತಮ್ಮ ಕೈ ಮೇಲೆ ತಮಗೇ ನಂಬಿಕೆ ಹೋಗಿದೆ, ಇನ್ನು ಎಲೆ ಮುಟ್ಟುವುದಿಲ್ಲವಂತೆ. ಮಗಳು ಅಲ್ಲೇ ಇದ್ದಳು, ಡಾಕ್ಟರೂ ಇದ್ದರು. ನಾನು ಅವರ ಕಣ್ಣೊರೆಸಿ, ಹೋಗಲಿ ಬಿಡಿ ಟೀಚರ್, ತಪ್ಪು ಎಲ್ಲರಿಂದಲೂ ಆಗುತ್ತದೆ ಅಂತ ಸಮಾಧಾನ ಹೇಳಿ ಬಂದೆ.