ರಸ್ತೆಗೆ ಮುಖ ಮಾಡಿದ ಬಾಗಿಲು

ಜನವರಿ 1, ಸೋಮವಾರ

ನಲ್ಲಿ ಬಂದಿಲ್ಲ. ಮೈಲೂರಿನ ಅರ್ಧ ಓಣಿ ನನ್ನ ಅಂಗಳದಲ್ಲಿ. ನಗರಸಭೆಯ ಮೆಂಬರ್ ಅಂದರೆ ನೀರು ಬಿಡುವವಳು ಅಂತ ತಿಳಿದಿದ್ದಾರೆ. ಬೈದು ಕಳಿಸಿದೆ. ಆಮೇಲೆ ನೀರು ಬಿಡುವವನಿಗೆ ಫೋನ್ ಹಚ್ಚಿ ಅವನಿಗೂ ಬೈದೆ. ನೀರು ಬಂತು.

ಪೇಪರಿನವನೊಬ್ಬ ಬಂದ. "ಕೇಶರಬಾಯಾರ, ನಿಮ್ಮ ಹಿನ್ನೆಲೆ, ಸೇವೆ, ಮುಂದಿನ ಯೋಜನೆ ಹೇಳ್ರಿ." ಹೇಳಿದೆ. ಹುಟ್ಟಿದ್ದು ಭಾಲ್ಕಿ ಕಡೆ ಸಾಯಗಾಂವ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟೆ. ಮದುವೆಯಾಗಿ ಬೀದರಕ್ಕೆ ಬಂದು ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ತೊಗರಿ ಹಸನು ಮಾಡಿದೆ, ಮೊಣಕಾಲು ಹೋಗುವ ತನಕ. ಯೋಜನೆ ಒಂದೇ — ಗಂಜಿನ ಹೆಂಗಸರಿಗೆ ಸಂಡಾಸು. ಕಟ್ಟಡ ಮುಗಿದಿದೆ, ಬುಧವಾರ ಉದ್ಘಾಟನೆ.

ಪೆನ್ನು ನಿಲ್ಲಿಸಿದ. "ಬ್ಯಾರೆ ಏನರ ಹೇಳ್ರಿ ಬಾಯಿ."

"ಬ್ಯಾರೆ ಇಲ್ಲ. ಬರಿ."

ಜನವರಿ 3, ಬುಧವಾರ

ಪೇಪರಿನಲ್ಲಿ 'ಸ್ವಚ್ಛತೆಗೆ ಆದ್ಯತೆ' ಅಂತ ಬಂದಿದೆ. ಸಂಡಾಸು ಅನ್ನಲು ನಾಚಿಕೆ.

ಸಂಡಾಸಿನ ಉದ್ಘಾಟನೆ ಆಯಿತು. ರಿಬ್ಬನ್ ಕತ್ತರಿಸಿದವರೆಲ್ಲ ಗಂಡಸರು. ಬಾಗಿಲ ಮೇಲೆ ಫ್ಲೆಕ್ಸು — ಹನ್ನೊಂದು ಸಾಹೇಬರು, ಮೂಲೆಯಲ್ಲಿ ನಾನು. ಇರಲಿ. ಕಟ್ಟಡ ನಿಂತಿದೆ. ಬಾಗಿಲು ನೇರ ರಸ್ತೆಗೆ.

ಎಂಜಿನಿಯರ್ ಸುಶೀಲಕುಮಾರ ಹಿಂದಿನ ಗಲ್ಲಿಗೆ ಬಾಗಿಲು ತೋರಿಸಿ ನಕ್ಷೆ ತಂದಿದ್ದ. ಮೀಟಿಂಗಿನಲ್ಲಿ ಮೇಜು ಗುದ್ದಿದ್ದೆ. "ನಾವೇನ ಕಳ್ಳರೇನು? ನಮ್ಮಪ್ಪ ಗೌಡರ ಮನಿಗಿ ಹಿತ್ತಲದಿಂದ ಹೋದ. ನಮ್ಮವ್ವ ಹಿತ್ತಲದಿಂದ ಹೋದಳು. ನಾ ಕಟ್ಟಿಸೋದಕ್ಕ ಹಿತ್ತಲ ಬಾಗಲ ಇರಂಗಿಲ್ಲ." ನಕ್ಷೆ ತಿದ್ದಿದರು. ಬಾಗಿಲು ಮುಂದೆ ಬಂತು.

ಜನವರಿ 9, ಮಂಗಳವಾರ

ಗಂಜಿಗೆ ಹೋಗಿದ್ದೆ. ಸಂಡಾಸಿನ ನೆಲ ಒಣಗಿ ಬಿದ್ದಿದೆ. ಒಬ್ಬಳೂ ಕಾಲಿಟ್ಟಿಲ್ಲ. ಕೇಳಿದರೆ ಜರಡಿ ಆಡಿಸುತ್ತ ನಗುತ್ತಾರೆ. ಶಾಲುಬಾಯಿಗೆ ಮಾತ್ರ ಬಾಯಿ ಇದೆ.

"ಒಳಗ ಹೋಗಬೇಕಂದ್ರ ಅಷ್ಟೂ ಸಾಹೇಬರಿಗಿ ಮಾರಿ ತೋರಿಸಿ ಹೋಗಬೇಕು. ನಿನಗ ಬಿಟ್ಟು. ನಿನ್ನ ಫೋಟೋ ಸಣ್ಣದದ."

ಫ್ಲೆಕ್ಸು ಕಿತ್ತು ಹಾಕಿಸಿದೆ. ಸಂಜೆ ಮೇಲಿಂದ ಮೇಲೆ ಫೋನು — ಸಾಹೇಬರಿಗೆ ಬೇಜಾರಾಗಿದೆಯಂತೆ. ಆಗಲಿ.

ಇಮಾಮಬೀ ಕಾಣಲಿಲ್ಲ. ಒಂದೇ ತಾಟಪತ್ರಿಯ ಮೇಲೆ ಕೂತು ತೊಗರಿ ಆರಿಸಿದವರು ನಾವು. ಹುಷಾರಿಲ್ಲದೆ ಭಾಲ್ಕಿಗೆ, ಮಗಳು ನಿಖತಳ ಮನೆಗೆ ಹೋಗಿದ್ದಾಳಂತೆ.

ಜನವರಿ 11, ಗುರುವಾರ

ಸುಶೀಲಕುಮಾರನ ಫೋನು. "ಬಾಯಿ, ಫ್ಲೆಕ್ಸ್ ತೆಗದ್ರೂ ಯಾರೂ ಬರವಲ್ಲರು. ತಿಂಗಳು ಮುಗಿಯೋದ್ರಾಗ ಹಿಂಗೇ ಇದ್ರ ಕೀಲಿ ಗಂಜಿನ ಸಾಹುಕಾರರಿಗಿ ಕೊಡಬೇಕಂತ ಮಾತಾಗ್ಯಾದ್ರಿ. ಖಾಲಿ ಚೀಲ ಇಡ್ತಾರಂತ."

"ಚೀಲದ ಜೋಡಿ ನಿನಗೂ ಒಳಗ ಹಾಕಿ ಕೀಲಿ ಹಾಕ್ತೇನಿ."

ಫೋನಿಟ್ಟೆ. ಆದರೆ ಅವನು ಹೇಳಿದ್ದು ಸುಳ್ಳಲ್ಲ.

ಜನವರಿ 14, ಭಾನುವಾರ. ಭಾಲ್ಕಿಯಿಂದ ಬಂದ ಮೇಲೆ

ಇಮಾಮಬೀ ಹಾಸಿಗೆಗೆ ಅಂಟಿಕೊಂಡಿದ್ದಾಳೆ. ಜ್ವರ, ಉರಿಮೂತ್ರ. ಕಿಡ್ನಿಗೆ ಏರಿದೆಯಂತೆ. ಡಾಕ್ಟರು ಕೇಳಿದ್ದು ಒಂದೇ — ನೀರು ಯಾಕೆ ಕುಡಿಯುವುದಿಲ್ಲ? ಯಾಕೆ ಅಂದರೆ? ಗಂಜಿಗೆ ಹೋಗುವ ಹೆಂಗಸು ಮುಂಜಾನೆ ಚಹಾ ಸಹಿತ ಅರ್ಧ ಕಪ್ಪು ಬಿಡುತ್ತಾಳೆ. ಸಂಜೆ ಮನೆ ಮುಟ್ಟುವ ತನಕ ಹನಿ ನೀರಿಲ್ಲ. ನಾನೂ ಹಾಗೇ ಇದ್ದೆ.

ಸಿಟ್ಟು ಬಂತು. "ಕಟ್ಟಿಸಿ ಕೊಟ್ಟೀನಲ್ಲ. ಯಾಕ ಹೋಗಲಿಲ್ಲ?"

"ಬಾಗಲ ಎದುರೇ ತೂಕದ ಕಾಂಟಾ ಅದ. ಲಾರಿಯವರು, ಹಮಾಲರು ಅಲ್ಲೇ ಚಾ ಕುಡಿತಾ ಕೂಡ್ತಾರ. ಯಾರು ಒಳಗ ಹೋದ್ರು, ಎಷ್ಟೊತ್ತಿಗಿ ಬಂದ್ರು, ಎಲ್ಲಾ ನೋಡ್ತಾರ ಮಾ."

"ನೋಡಲಿ. ಅಂಜ್ತಿ ಏನು?"

"ನೀ ಅಂಜಂಗಿಲ್ಲ. ನೀ ಮೆಂಬರ." ಗೋಡೆಯ ಕಡೆ ಹೊರಳಿದಳು. "ಈಗ ನೀ ಅಲ್ಲಿ ಕೂಡ್ತಿ ಎಲ್ಲಿ?"

"ಅಮ್ಮಿ, ಚುಪ್," ಅಂದಳು ನಿಖತ. ಚಹಾ ಕುಡಿಯದೆ ಎದ್ದು ಬಂದೆ.

ಜನವರಿ 16, ಮಂಗಳವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ಹಳೆಯ ಸೀರೆ ಉಟ್ಟು ಗಂಜಿನಲ್ಲಿ ಕೂತೆ. ಎಲ್ಲರಿಗೂ ಕಾಣುವ ಹಾಗೆ ಚೊಂಬುಗಟ್ಟಲೆ ನೀರು ಕುಡಿದೆ. ಮಧ್ಯಾಹ್ನ ಎದ್ದೆ. ಹೆಂಗಸರ ಜರಡಿ ನಿಂತವು. ಕಾಂಟಾದ ಹತ್ತಿರ ಕೂತವರು ಈ ಕಡೆ ತಿರುಗಿದರು. ಒಬ್ಬ ಬಾಯಿಗೆ ಒಯ್ದ ಕಪ್ಪು ಹಾಗೇ ಹಿಡಿದು ನೋಡುತ್ತಿದ್ದ. ಯಾರೂ ಕೆಟ್ಟ ಮಾತಾಡಲಿಲ್ಲ. "ನಮಸ್ಕಾರ್ರಿ ಮೆಂಬರ ಬಾಯಿ" ಅಂದ ಒಬ್ಬ, ಮರ್ಯಾದೆಯಿಂದಲೇ.

ಕಾಲು ಆ ಕಡೆ ಹೋಗಲಿಲ್ಲ. ಕಾಂಟಾ ನೋಡಲು ಬಂದವಳ ಹಾಗೆ ಅದರ ಸುತ್ತ ಒಂದು ಸುತ್ತು ಹಾಕಿ, ಆಟೋ ಹಿಡಿದೆ. ಮೈಲೂರಿನ ರಸ್ತೆಯ ಗುಂಡಿಗಳು ಗೊತ್ತೇ ಇವೆ. ಮನೆ ಮುಟ್ಟುವ ತನಕ ತಡೆಯಲಿಲ್ಲ.

ಸೊಸೆ ಪೂನಮ ಬಾಗಿಲು ತೆಗೆದಳು. ಬೇರೆ ಸೀರೆ ತಂದು ಕೊಟ್ಟಳು.

ಜನವರಿ 24, ಬುಧವಾರ

ಮೀಟಿಂಗು. ಬಾಗಿಲು ಹಿಂದಕ್ಕೆ ತಿರುಗಿಸಿ ಅಂದೆ.

"ಅವತ್ತು ಮೇಜು ಗುದ್ದಿದವರು ನೀವೇ ಅಲ್ರಿ?" — ಸುಶೀಲಕುಮಾರ. ಎಲ್ಲರೂ ನಕ್ಕರು.

"ನಾನೇ. ತಪ್ಪ ಆಗ್ಯಾದ. ಈಗ ತಿರುಗಿಸು."

ಆಗುವುದಿಲ್ಲವಂತೆ. ಮುಗಿದ ಕೆಲಸ. ಮತ್ತೆ ಕೈ ಹಾಕಲು ಹೊಸ ಮಂಜೂರಾತಿ, ಬರುವ ವರ್ಷ. ಅಷ್ಟರೊಳಗೆ ಒಳಗೆ ಚೀಲ ತುಂಬಿರುತ್ತವೆ. ಚೀಲ ಹೊಕ್ಕ ಕೋಣೆ ಮತ್ತೆ ಖಾಲಿಯಾಗಿದ್ದು ಈ ಗಂಜಿನಲ್ಲಿ ನಾನು ನೋಡಿಲ್ಲ.

ರಾತ್ರಿ ಮಗ ಅಶ್ವಜಿತನ ಫೋನು. ಔರಾದದಲ್ಲಿ ಮಾಸ್ತರ. ಪೂನಮ ಹೇಳಿರಬೇಕು.

"ಅವ್ವಾ, ಸರಕಾರಿ ಗ್ವಾಡಿ ಮುಟ್ಟಬ್ಯಾಡ. ಮೆಂಬರ್‌ಗಿರಿ ಹೋಗ್ತದ. ಕೇಸ್ ಬೀಳ್ತದ."

"ನಾ ಎಲ್ಲಿ ಮುಟ್ಟೀನಿ?"

"ಮುಟ್ಟಬೇಕಂತ ಮಾಡೀದಿ. ನಿನಗ ನಾ ಬಲ್ಲೆ."

ಜನವರಿ 28, ಭಾನುವಾರ. ಗಂಜಿನ ಹಿಂದಿನ ಗಲ್ಲಿ

ಗಂಜು ಬಂದ್. ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮನೆ ಕಟ್ಟುವ ಗೌಂಡಿ ಮಡೆಪ್ಪ ಬಂದ, ಗೋಡೆ ಒಡೆಯಲು ಒಲ್ಲೆ ಅಂದ. "ಬಾಯಿ, ಪೋಲೀಸ ಬಂದ್ರ ನಿಮಗ ಕುರ್ಚಿ ಹಾಕ್ತಾರ. ನನಗ ಒಯ್ತಾರ." ಖರೆ ಮಾತು. ಗೋಡೆಯ ಮೇಲೆ ಬಾಗಿಲಿನ ಗೆರೆ ಎಳೆಸಿಕೊಂಡು, ಸುತ್ತಿಗೆ ಇಸಿದುಕೊಂಡು, ಹೋಗು ಅಂದೆ. ಹೋಗಿಲ್ಲ. ದೂರ ನಿಂತು ಬೀಡಿ ಸೇದುತ್ತಿದ್ದಾನೆ.

ಸುಶೀಲಕುಮಾರನ ಬೈಕು ಬಂತು. ಯಾರೋ ಹೇಳಿದ್ದಾರೆ.

"ಕೈ ಬಿಡ್ರಿ ಬಾಯಿ. ನಾ ಮ್ಯಾಲ ಬರದು ಕಳಸಬೇಕಾಗ್ತದ."

"ಕಳಸು. ಹೆಸರು ನೆಟ್ಟಗ ಬರಿ."

ಹೊಡೆದೆ. ಬರೀ ಮೇಲಿನ ಸಿಮೆಂಟಿನ ಗಿಲಾಯಿ ಉದುರಿತು. ಮತ್ತೊಂದು ಹೊಡೆದೆ. ದಮ್ಮು ಹತ್ತಿ ಕೂತೆ. ಉಸಿರು ತಿರುಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಗೋಡೆಯ ಆ ಬದಿಯಿಂದ ಹೊಡೆಯುವ ಸದ್ದು. ನಾನಲ್ಲ. ಮಡೆಪ್ಪನೂ ಅಲ್ಲ, ಅವನು ಅಲ್ಲೇ ನಿಂತಿದ್ದಾನೆ. ರಸ್ತೆಯ ಬಾಗಿಲಿನಿಂದ ಒಳಗೆ ಬಂದಿದ್ದಾರೆ. ಇವತ್ತು ಕಾಂಟಾದ ಹತ್ತಿರ ಯಾರೂ ಇಲ್ಲವಲ್ಲ. ನಾಲ್ಕೈದು ಹೆಂಗಸರ ದನಿ. ಶಾಲುಬಾಯಿಯದು ಎಲ್ಲರಿಗಿಂತ ಮೇಲೆ —

"ಕೇಶರಬಾಯಿ, ಎದುರಿಗಿ ಕೂತಿ ಏನು? ದೂರ ಸರಿ. ಇಟ್ಟಂಗಿ ಕಾಲ ಮ್ಯಾಲ ಬೀಳ್ತಾವ."

ಸರಿದೆ. ಗೆರೆಯೊಳಗಿನ ಒಂದು ಇಟ್ಟಂಗಿ ಅಲುಗುತ್ತಿದೆ. ಸುಶೀಲಕುಮಾರ ಏನೋ ಕೂಗುತ್ತಿದ್ದಾನೆ. ಕೇಳಿಸುತ್ತಿಲ್ಲ, ಒಳಗಿನ ಸದ್ದೇ ಜೋರು.