ಅಮ್ಮನ ಕಥೆಗೆ ಹೂಂಗುಟ್ಟಿದವರು

ಮಾರ್ಚ್ ೧೧, ಭಾನುವಾರ

ಪ್ರೀತಿಯ ಪುಟ್ಟನಿಗೆ,

ಅಕ್ಕನ ಆಶೀರ್ವಾದ. ನಿನ್ನ ಹೆಂಡತಿಯ ಮಂಡಿನೋವು ಇಳಿಯಿತೇ? ಉತ್ತರ ತಡವಾಯಿತು. ಸಿಟ್ಟಿನಲ್ಲಿ ಬರೆದರೆ ಅಕ್ಷರ ಕೆಡುತ್ತದೆ ಎಂದು ಕಾದೆ. ಸಿಟ್ಟು ಇಳಿಯಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಆ ಪ್ರಕಾಶಕ ಮರುಮುದ್ರಣದ ಒಪ್ಪಿಗೆಗೆ ನಿನ್ನ ಸಹಿ ಹಾಕಿಸಿಕೊಂಡು ನನ್ನಲ್ಲಿಗೂ ಬಂದಿದ್ದ. ಹಳೆಯ ಪುಸ್ತಕದಂಗಡಿಯ ರಾಶಿಯಲ್ಲಿ ನಮ್ಮ ಮನೆಯ ಪುಸ್ತಕ ಸಿಕ್ಕಿತಂತೆ. "ಸಂಸ್ಕೃತದ ಪ್ರಾಣಿಕಥೆಗಳನ್ನ ಇಷ್ಟು ಸಲೀಸಾಗಿ ಕನ್ನಡಕ್ಕೆ ತಂದವರು ಇನ್ನೊಬ್ಬರಿಲ್ಲ. ಇಂಥವರನ್ನ ಮರೆತೇಬಿಟ್ವಲ್ಲ. ಮತ್ತೆ ಅಚ್ಚು ಹಾಕ್ತೀವಿ, ತಂದೆಯವರ ಫೋಟೋ ಕೊಡಿ" ಎಂದ. ಅಮ್ಮನ ಫೋಟೋವನ್ನು ಗೋಡೆಯಿಂದ ಇಳಿಸಿ, ಧೂಳು ಒರೆಸಿ, ಕೈಗಿಟ್ಟೆ.

"ಇದು ತಾಯಿಯವರದು."

"ಅನುವಾದ ಮಾಡಿದವರದು."

ಕನ್ನಡಕ ತೆಗೆದು ನನ್ನನ್ನು ನೋಡಿದ. "ಪುಸ್ತಕದ ಮೇಲೆ ತಂದೆಯವರ ಹೆಸರಿದೆಯಲ್ಲಮ್ಮಾ?"

"ಹಸ್ತಪ್ರತಿಯನ್ನ ಅಚ್ಚುಕೂಟಕ್ಕೆ ಹೊತ್ತುಕೊಂಡು ಹೋದವರು ಅವರು. ಬರೆದವರು ಯಾರು ಅಂತ ಅಲ್ಲಿ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಗಾಡಿ ಹೊಡೆದವನೇ ಬೆಳೆ ಬೆಳೆದವನಾದ."

"ಸಾಕ್ಷಿ?"

"ನಾನು, ನನ್ನ ತಮ್ಮ."

ನಿನಗೇನೂ ನೆನಪಿಲ್ಲವೆಂದು ಬರೆದಿದ್ದೀಯಲ್ಲ, ಕೇಳು. ಅಮ್ಮ ಒಲೆಯ ಮುಂದೆ ಕೂತು, ತಾತ ಕಲಿಸಿದ ಸಂಸ್ಕೃತವನ್ನು ಗುನುಗಿಕೊಂಡು, ಕನ್ನಡದಲ್ಲಿ ನಮಗೆ ಹೇಳುತ್ತಿದ್ದಳು. ನಾವು ಹೂಂಗುಟ್ಟಬೇಕು. ಹೂಂ ಬಾರದ ಕಡೆ ಮಡಿಲಲ್ಲಿದ್ದ ಹಾಳೆಯಲ್ಲಿ ಆ ಸಾಲನ್ನೇ ಹೊಡೆದುಹಾಕಿ ಬೇರೆ ಕಟ್ಟುತ್ತಿದ್ದಳು. ನರಿ ಅಳುವ ಸಾಲಿಗೆ ನೀನು ಹಟ ಹಿಡಿದು ಬಾಯಿಯೇ ಬಿಡಲಿಲ್ಲ. "ಈ ದೊರೆಗೆ ಒಪ್ಪಿಗೆಯಾಗೋ ತನಕ ನನ್ನ ನರಿ ಬಿಲದಲ್ಲೇ ಇರಲಿ" ಎಂದು ನಕ್ಕಳು. ಗಣಿತದ ಮೇಷ್ಟ್ರು, ನಮ್ಮಪ್ಪ, ಆಚೆ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು.

"ಸತ್ತವರಲ್ಲಿ ಯಾರ ಹೆಸರಾದರೇನಕ್ಕ" ಎಂದಿದ್ದೀಯ. ಯಾರದಾದರೂ ಆಗುವುದಾದರೆ ಅಮ್ಮನದೇ ಆಗಲಿ. ಅವಳ ಹೆಸರಿಲ್ಲದೆ ನನ್ನ ಸಹಿ ಇಲ್ಲ; ಪ್ರಕಾಶಕನಿಗೂ ಹಾಗೇ ಹೇಳಿ ಕಳಿಸಿದೆ. ಪುಸ್ತಕ ಮತ್ತೆ ರಾಶಿಗೆ ಬಿದ್ದರೂ ಸರಿ. ನೀನು ಸಾಕ್ಷಿಗೆ ಬಾರದಿದ್ದರೆ ಒಬ್ಬಳೇ ಹೇಳುತ್ತೇನೆ, ನನ್ನ ಗಂಟಲು ಇನ್ನೂ ಗಟ್ಟಿಯಾಗಿದೆ.

ಮಕ್ಕಳು ಚೆನ್ನಾಗಿರಲಿ. ನಿನ್ನ ಬುದ್ಧಿಯೂ ನೆಟ್ಟಗಿರಲಿ.

ನಿನ್ನ ಅಕ್ಕ

ಇದೊಂದು ಉಳಿಯಿತು: ಅಮ್ಮನ ಕೊನೆಯ ದಿನಗಳಲ್ಲಿ ನೀನಿರಲಿಲ್ಲ. ಅವಳ ಕಣ್ಣು ಮಂಜಾಗಿತ್ತು. ಬೇಸರ ಕಳೆಯಲೆಂದು ಅಪ್ಪ ಹಾಸಿಗೆಯ ಪಕ್ಕ ಕೂತು ಆ ಪುಸ್ತಕವನ್ನೇ ಓದಿದರು. "ಇದರ ಅರ್ಥ ಏನಂದ್ರೆ" ಎಂದು ಮತ್ತೆ ಮತ್ತೆ ನಿಲ್ಲಿಸಿ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ನಾನು ಅವಳ ಕಾಲೊತ್ತುತ್ತ ಕೂತಿದ್ದೆ. ಅಮ್ಮ ಒಂದು ಸಾಲನ್ನೂ ಬಿಡದೆ ಹೂಂಗುಟ್ಟಿದಳು.